ಮೆನೋರ್ಕಾದಲ್ಲಿ ಕುದುರೆ ಏರುವ ಮುನ್ನ: ಓದುಗರ ಪ್ರಶ್ನೆ, ನಮ್ಮ ಉತ್ತರ

ಸ್ಪೇನಿಗೆ ಸೇರಿದ ಮೆನೋರ್ಕಾ ದ್ವೀಪದ ಪ್ರವಾಸದ ಬಗ್ಗೆ ಬಂದ ಪತ್ರಗಳಲ್ಲಿ ಕುದುರೆ ಸವಾರಿಗೆ ಸಂಬಂಧಿಸಿದವನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರ: ನಮ್ಮದು ಅಡಿಕೆ ತೋಟ. ಕೊನೆಕೊಯ್ಲು, ಬೇಯಿಸೋದು, ಒಣಗಿಸೋದು ಎಲ್ಲ ಮುಗಿದ ಮೇಲಷ್ಟೇ ಬಿಡುವು. ಇಡೀ ದ್ವೀಪವನ್ನು ಕುದುರೆ ಮೇಲೆ ಸುತ್ತಬಹುದಂತೆ, ನಿಜವೆ? ಯಾವ ತಿಂಗಳು ಹೋದರೆ ಒಳ್ಳೆಯದು? (ಸಾಗರ)

ಉ: ನಿಜ. ಕಮಿ ದೆ ಕವಾಲ್ಸ್ ಎಂಬ 185 ಕಿ.ಮೀ. ದಾರಿ ದ್ವೀಪದ ಕರಾವಳಿಯನ್ನು ಪೂರ್ತಿ ಬಳಸಿ ಬರುತ್ತದೆ. ಹಿಂದೆ ಕಡಲ ಕಡೆಯಿಂದ ಶತ್ರುಗಳು ಬರುವುದನ್ನು ಕಾಯಲು ಸವಾರರು ಓಡಾಡುತ್ತಿದ್ದ ದಾರಿ. ಅಲ್ಲಲ್ಲಿ ಮುಚ್ಚಿಹೋಗಿದ್ದ ಇದು ದುರಸ್ತಿಯಾಗಿ 2010ರಲ್ಲಿ ಸಾರ್ವಜನಿಕರಿಗೆ ತೆರೆಯಿತು. 20 ಹಂತಗಳು, ಉದ್ದಕ್ಕೂ ಗುರುತಿನ ಮರದ ಗೂಟಗಳು.

ಪೂರ್ತಿ ಸುತ್ತು ಪಳಗಿದವರಿಗೆ ಮಾತ್ರ. ದಿನಕ್ಕೆ ಐದಾರು ಗಂಟೆ ಜೀನಿನ ಮೇಲಿದ್ದರೂ ಹೆಚ್ಚುಕಡಿಮೆ ಒಂದು ವಾರ ಹಿಡಿಯುತ್ತದೆ. ಮೊದಲ ಸಲದವರು ದಕ್ಷಿಣದ ಕಡೆ ಎರಡು ಗಂಟೆಯ ಸವಾರಿ ಕೇಳಿ. ಅಲ್ಲಿ ಸುಣ್ಣಕಲ್ಲಿನ ನೆಲ, ಪೈನ್ ಮರಗಳ ನೆರಳು. ಉತ್ತರದ ದಂಡೆ ಬೋಳು, ಕಲ್ಲು ಹೆಚ್ಚು. ಮೇಲಾಗಿ ಟ್ರಮೊಂಟಾನಾ ಎಂಬ ಬಡಗಣ ಗಾಳಿ ಬೀಸುತ್ತದೆ. ಗಾಳಿ ಜೋರಾದಾಗ ಕುದುರೆಗೆ ಸದ್ದು ಯಾವ ಕಡೆಯದು ಎಂದು ತಿಳಿಯದು. ಪೊದೆ ಅಲುಗಿದರೂ ಬೆದರುತ್ತದೆ.

ನಿಮ್ಮ ಬಿಡುವಿಗೆ ಏಪ್ರಿಲ್ ಕೊನೆ ಮತ್ತು ಮೇ ಸರಿಯಾಗಿ ಹೊಂದುತ್ತವೆ. ಜುಲೈ, ಆಗಸ್ಟ್‌ನಲ್ಲಿ ಸೆಕೆ, ಜನ ಎರಡೂ ಜಾಸ್ತಿ. ಅಕ್ಟೋಬರ್, ನವೆಂಬರ್ ಅಲ್ಲಿ ಮಳೆ ಹೆಚ್ಚಿರುವ ತಿಂಗಳುಗಳು. ಜೂನ್ 23, 24ರಂದು ಸಿಯುಟಡೆಯಾ ಊರಿನ ಸಂತ ಜಾನ್ ಹಬ್ಬದಲ್ಲಿ ಕಪ್ಪು ಮೆನೋರ್ಕಾ ಕುದುರೆಗಳು ಜನಜಂಗುಳಿಯ ನಡುವೆ ಹಿಂಗಾಲ ಮೇಲೆ ನಿಲ್ಲುತ್ತವೆ. ಅದು ನೋಡುವ ಹಬ್ಬ, ಸವಾರಿ ಕಲಿಯುವ ಹೊತ್ತಲ್ಲ. ಮರಳ ಮೇಲೆ ನಾಗಾಲೋಟದ ಫೋಟೊ ನೋಡಿ ಮುಂಗಡ ಕಟ್ಟಲೂಬೇಡಿ. ಬೇಸಿಗೆಯಲ್ಲಿ ಜನ ಈಜುವ ಬೀಚುಗಳಿಗೆ ಕುದುರೆಗಳನ್ನು ಸಾಮಾನ್ಯವಾಗಿ ಬಿಡುವುದಿಲ್ಲ.

ಪ್ರ: ಕುಂದಾದ್ರಿ, ಕವಲೇದುರ್ಗ ಹತ್ತಿ ಇಳಿದ ಕಾಲುಗಳು ನಮ್ಮವು. ಕುದುರೆ ಮೇಲೆ ಕೂರೋದಕ್ಕೂ ತಯಾರಿ ಬೇಕೆ? (ತೀರ್ಥಹಳ್ಳಿ)

ಉ: ಬೇಕು. ಗುಡ್ಡ ಹತ್ತಲು ಬೇಕಾದ್ದು ತೊಡೆಯ ಮುಂಭಾಗ ಮತ್ತು ಮೀನಖಂಡದ ಬಲ. ಜೀನಿನ ಮೇಲೆ ಕೆಲಸ ಬೀಳುವುದು ತೊಡೆಯ ಒಳಭಾಗಕ್ಕೆ, ಸೊಂಟಕ್ಕೆ, ಹೊಟ್ಟೆಗೆ. ಅಭ್ಯಾಸವಿಲ್ಲದವರು ಎರಡು ಗಂಟೆ ಸವಾರಿ ಮಾಡಿದರೆ ಮರುದಿನ ಮೆಟ್ಟಿಲು ಇಳಿಯುವುದೇ ಕಷ್ಟ.

ಒಂದೂವರೆ ತಿಂಗಳ ಮೊದಲೇ ಶುರು ಮಾಡಿ. ದಿನವೂ ಬದ್ಧಕೋನಾಸನ (ಕೂತು ಅಂಗಾಲುಗಳನ್ನು ಜೋಡಿಸಿ ಮಂಡಿ ಅಗಲಿಸುವುದು) ಎರಡು ನಿಮಿಷ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಿಲ್ಲದೆ ಕೂರುವುದು 30 ಸೆಕೆಂಡಿನಂತೆ ಮೂರು ಸಲ. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗ ಊರಿ ಹಿಮ್ಮಡಿ ಕೆಳಗಿಳಿಸಿ ಅರ್ಧ ನಿಮಿಷ ನಿಲ್ಲುವುದು. ಕೊನೆಯದನ್ನು ಮಾತ್ರ ಬಿಡಬೇಡಿ. ರಿಕಾಪಿನಲ್ಲಿ, ಅಂದರೆ ಜೀನಿನಿಂದ ಇಳಿಬಿದ್ದ ಪಾದ ಊರುವ ಕಬ್ಬಿಣದ ಬಳೆಯಲ್ಲಿ, ಕಾಲು ಇರಬೇಕಾದ ಭಂಗಿ ಅದೇ. ಹಿಮ್ಮಡಿ ಮೇಲೆದ್ದರೆ ಪಾದ ಒಳಗೆ ಜಾರುತ್ತದೆ, ಬಿದ್ದಾಗ ಸಿಕ್ಕಿಹಾಕಿಕೊಂಡು ಕುದುರೆ ಎಳೆದೊಯ್ಯುವ ಅಪಾಯವಿದೆ.

ಸಾಧ್ಯವಾದರೆ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಎಂಟು ಹತ್ತು ಪಾಠ ಮುಗಿಸಿಕೊಂಡು ಹೋಗಿ. ಕಲಿಯಬೇಕಾದ್ದು ಮುಖ್ಯವಾಗಿ ಟ್ರಾಟ್‌ನಲ್ಲಿ, ಅಂದರೆ ಕುದುರೆಯ ಕುಲುಕು ಓಟದಲ್ಲಿ, ಏಳುತ್ತಾ ಕೂರುವುದು. ಈ ಓಟದಲ್ಲಿ ಕುದುರೆಯ ಕಾಲುಗಳು ಎರಡು ತಾಳಕ್ಕೆ ಬೀಳುತ್ತವೆ. ಒಂದು ತಾಳಕ್ಕೆ ಏಳಬೇಕು, ಇನ್ನೊಂದಕ್ಕೆ ಕೂರಬೇಕು. ಹೊಸಬರು ಏಳಲು ಲಗಾಮನ್ನು ಹಿಡಿದು ಜಗ್ಗುತ್ತಾರೆ. ಬಾಯಿ ನೋಯುವ ಕುದುರೆ ತಲೆ ಎತ್ತಿ ಕೊಸರುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಆಯ ತಪ್ಪಿದರೆ ಲಗಾಮನ್ನಲ್ಲ, ಕುತ್ತಿಗೆಯ ಕೂದಲನ್ನು ಹಿಡಿಯಿರಿ, ಅದರಿಂದ ಕುದುರೆಗೆ ಅಷ್ಟು ನೋವಾಗದು.

ರಿಕಾಪಿನ ಪಟ್ಟಿಯ ಉದ್ದವನ್ನು ನೆಲದ ಮೇಲೇ ಅಂದಾಜು ಮಾಡಿ: ಬೆರಳ ತುದಿ ಜೀನಿನ ಬಳಿಯ ಬಕಲ್ ಮೇಲೆ, ರಿಕಾಪಿನ ಕಬ್ಬಿಣ ಕಂಕುಳಿಗೆ ತಾಗಬೇಕು. ಹತ್ತು ನಿಮಿಷ ನಡೆದ ಮೇಲೆ, ಜೀನನ್ನು ಕುದುರೆಗೆ ಬಿಗಿಯುವ ಹೊಟ್ಟೆಪಟ್ಟಿಯನ್ನು ಮತ್ತೆ ಬಿಗಿಸಿದರೋ ನೋಡಿ. ಕುದುರೆ ಮೊದಲು ಹೊಟ್ಟೆ ಉಬ್ಬಿಸಿ ನಿಂತಿರುತ್ತದೆ, ಆಮೇಲೆ ಪಟ್ಟಿ ಸಡಿಲವಾಗಿ ಜೀನು ಪಕ್ಕಕ್ಕೆ ವಾಲುತ್ತದೆ.

ಪ್ರ: ನನ್ನ ತೂಕ 92 ಕೆ.ಜಿ. ಬುಕಿಂಗ್ ಫಾರಂನಲ್ಲಿ 85 ಎಂದು ಬರೆದರೆ ನಡೆಯುತ್ತದೆಯೆ? (ಭದ್ರಾವತಿ)

ಉ: ಬರೆಯಬೇಡಿ. ಸವಾರ ಮತ್ತು ಜೀನು ಸೇರಿ ಕುದುರೆಯ ತೂಕದ 20%ಕ್ಕಿಂತ ಹೆಚ್ಚಾಗಬಾರದು ಎಂಬುದು ಬಹಳ ಕಡೆ ಅನುಸರಿಸುವ ಲೆಕ್ಕ. 450 ಕೆ.ಜಿ. ಕುದುರೆಗೆ ಅದು 90 ಕೆ.ಜಿ. ಜೀನು, ಲಗಾಮಿಗೆ ಹತ್ತು ಕಳೆದರೆ ನಿಮಗೆ ಉಳಿಯುವುದು 80. ಮೇಲೇರುವಾಗ ಕಣ್ಣಿಗೆ ಕಂಡೇ ಕಾಣುತ್ತದೆ, ಹಿಂದಕ್ಕೆ ಕಳುಹಿಸಿದರೆ ಹಣ ವಾಪಸು ಸಿಗದೆ ಹೋಗಬಹುದು. ನಿಜವನ್ನೇ ಬರೆದು, ದೊಡ್ಡ ಕುದುರೆ ಇದೆಯೇ ಎಂದು ಮೊದಲೇ ಮೇಲ್ ಮಾಡಿ.

ಪ್ರ: ಜೀನ್ಸ್, ಸ್ಪೋರ್ಟ್ಸ್ ಶೂ ಸಾಕೆ? ಬೈಕಿನ ಹೆಲ್ಮೆಟನ್ನೇ ಒಯ್ಯಬಹುದೆ? (ಶಿವಮೊಗ್ಗ)

ಉ: ಜೀನ್ಸ್‌ನ ಒಳಹೊಲಿಗೆ ಮಂಡಿಯ ಪಕ್ಕ ಚರ್ಮ ಸುಲಿಯುತ್ತದೆ. ಒಳಗಡೆ ಹೊಲಿಗೆ ಉಬ್ಬಿರದ ದಪ್ಪ ಲೆಗ್ಗಿಂಗ್ಸ್ ಮೇಲು, ಗಂಡಸರಿಗೂ ಅದೇ. ಶೂಗೆ ಒಂದೆರಡು ಸೆಂ.ಮೀ. ಹಿಮ್ಮಡಿ, ಸಾಧಾರಣ ನಯವಾದ ಅಡಿ ಇರಲಿ. ಮಳೆಗಾಲದ ಟ್ರೆಕ್ಕಿಂಗ್ ಶೂಗಳ ಆಳವಾದ ಕಚ್ಚು ರಿಕಾಪಿಗೆ ಸಿಕ್ಕಿಕೊಳ್ಳುತ್ತದೆ. ಬೈಕಿನ ಹೆಲ್ಮೆಟ್ ಭಾರ, ಕತ್ತು ಸೋಲುತ್ತದೆ, ಕಿವಿಯನ್ನೂ ಮುಚ್ಚುತ್ತದೆ. ಸವಾರಿ ಕೇಂದ್ರದವರು ಕೊಡುವುದನ್ನೇ ಹಾಕಿಕೊಳ್ಳಿ. ಪಟ್ಟಿ ಕಟ್ಟುವ ಮುನ್ನ ತಲೆ ಬಗ್ಗಿಸಿ ಅಲ್ಲಾಡಿಸಿದರೆ ಅದು ಕದಲಬಾರದು.

ಪ್ರ: ವೀಸಾಕ್ಕೆ ಮಾಡಿಸಿದ ವಿಮೆ ಸವಾರಿಗೂ ಆಗುತ್ತದೆಯೆ? (ಹೊಸನಗರ)

ಉ: ಸ್ಪೇನಿಗೆ ಹೋಗಲು ಬೇಕಾದ ಶೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವೈದ್ಯಕೀಯ ವಿಮೆ ಬೇಕು. ಅಗ್ಗದ ಪಾಲಿಸಿಗಳಲ್ಲಿ ಸಾಹಸ ಕ್ರೀಡೆಗಳನ್ನು ಹೊರಗಿಟ್ಟಿರುವುದು ಉಂಟು, ಕುದುರೆ ಸವಾರಿಯೂ ಆ ಪಟ್ಟಿಯಲ್ಲಿರಬಹುದು. ಏಜೆಂಟರ ಮಾತು ಬೇಡ, ಪಾಲಿಸಿಯ ಹೊರಗಿಟ್ಟವುಗಳ ಪುಟ ಓದಿ. ವೀಸಾ ಅರ್ಜಿಯನ್ನು ಹೊರಡುವ ಆರು ತಿಂಗಳ ಮೊದಲಿನಿಂದ ಕೊಡಬಹುದು, 15 ದಿನಕ್ಕಿಂತ ತಡ ಮಾಡುವಂತಿಲ್ಲ.

ಪ್ರ: ಸಸ್ಯಾಹಾರಿಗಳಿಗೆ ಬೆಳಗಿನ ತಿಂಡಿ? (ಕೊಪ್ಪ)

ಉ: ಬ್ರೆಡ್ಡು, ಟೊಮೆಟೊ, ಹಣ್ಣು ಸಿಗುತ್ತವೆ. ಸುರುಳಿ ಸುತ್ತಿ ಸಕ್ಕರೆ ಉದುರಿಸಿದ ಎನ್ಸೈಮಾದಾ ನೋಡಿ ಕೈ ಹಾಕಬೇಡಿ, ಅದಕ್ಕೆ ಹಂದಿ ಕೊಬ್ಬು ಹಾಕುತ್ತಾರೆ.

ಪ್ರ: ಕುದುರೆಯನ್ನು ಸಮುದ್ರದ ನೀರಿಗೆ ಇಳಿಸುವಾಗ ಏನು ನೋಡಿಕೊಳ್ಳಬೇಕು? (ಶಿವಮೊಗ್ಗ)

ಉ: ಮಾರ್ಗದರ್ಶಿ ಹೇಳಿದ ಕಡೆ ಮಾತ್ರ ಇಳಿಯಿರಿ, ಮುಂದಿನ ಕುದುರೆಗೂ ನಿಮಗೂ ಒಂದು ಕುದುರೆಯುದ್ದ ಅಂತರವಿರಲಿ. ಬಾಲಕ್ಕೆ ಕೆಂಪು ಪಟ್ಟಿ ಕಟ್ಟಿದ್ದರೆ ಒದೆಯುವ ಕುದುರೆ ಎಂದರ್ಥ, ಇನ್ನೂ ದೂರವಿರಿ. ಕುದುರೆ ನಿಂತಲ್ಲೇ ಮುಂಗಾಲಿನಿಂದ ನೀರು ಕೆರೆಯತೊಡಗಿದರೆ ಅದು ಆಟವಲ್ಲ, ಮಲಗಿ ಹೊರಳುವ ಸೂಚನೆ. ತಲೆ ತಗ್ಗಿಸಲು ಬಿಡದೆ, ಎರಡೂ ಕಾಲಿನಿಂದ ಒತ್ತಿ ತಕ್ಷಣ ಮುಂದಕ್ಕೆ ನಡೆಸಿ. ಮಂಡಿ ಮಡಚಿಯೇಬಿಟ್ಟರೆ ಎರಡೂ ಪಾದ ರಿಕಾಪಿನಿಂದ ಬಿಡಿಸಿಕೊಂಡು, ಅದು ವಾಲದ ಕಡೆಗೆ ಇಳಿದು ದೂರ ಸರಿಯಿರಿ.