ಸೂತ್ರಕ್ಕಿಂತ ಮೊದಲು ಕೈ, ಕಣ್ಣು

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ವಿದ್ಯುತ್ ವಿಜ್ಞಾನಿ ಮೈಕೆಲ್ ಫ್ಯಾರಡೆಯನ್ನು ಹೊಗಳಿದ್ದು ಜಾಸ್ತಿಯಾಯಿತು. ಆತನಿಗೆ ಗಣಿತವೇ ಅಷ್ಟಾಗಿ ಬರುತ್ತಿರಲಿಲ್ಲ. ಆತನ ವಿದ್ಯುತ್-ಕಾಂತದ ವಿಚಾರಗಳಿಗೆ ಸಮೀಕರಣ ಕೊಟ್ಟಿದ್ದು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್. ಇದನ್ನು ಓದಿದ ಮಕ್ಕಳು ಗಣಿತ ಬೇಡ ಅಂದುಕೊಳ್ಳುವುದಿಲ್ಲವೇ?
- ನಿವೃತ್ತ ಗಣಿತ ಶಿಕ್ಷಕರು

ಸಂಪಾದಕರ ಉತ್ತರ: ಮೇಷ್ಟ್ರೇ, ನಿಮ್ಮ ಆತಂಕ ಸುಳ್ಳಲ್ಲ. ಗಣಿತವಿಲ್ಲದೆ ಭೌತವಿಜ್ಞಾನ ಬಹಳ ದೂರ ಸಾಗದು. ಆದರೆ ಮ್ಯಾಕ್ಸ್‌ವೆಲ್ ಏನನ್ನುತ್ತಾನೆ ಗೊತ್ತೇ? ಫ್ಯಾರಡೆಯ ಪ್ರಯೋಗಗಳ ಬರಹವನ್ನು ಪೂರ್ತಿ ಓದುವ ತನಕ ವಿದ್ಯುತ್ತಿನ ಗಣಿತವನ್ನು ಮುಟ್ಟುವುದಿಲ್ಲ ಎಂದು ಆತ ನಿರ್ಧರಿಸಿದ್ದನಂತೆ. 1873ರ ತನ್ನ ಗ್ರಂಥದ ಮುನ್ನುಡಿಯಲ್ಲಿ ತಾನೇ ಬರೆದಿದ್ದಾನೆ.

ಫ್ಯಾರಡೆ ಕಮ್ಮಾರನ ಮಗ. 14ನೇ ವಯಸ್ಸಿಗೆ ಲಂಡನ್ನಿನ ಬುಕ್ ಬೈಂಡಿಂಗ್ ಅಂಗಡಿ ಸೇರಿದ. ಹೊಲಿಯಲು ಬಂದ ಪುಸ್ತಕಗಳನ್ನೇ ಓದಿ ಕಲಿತ. ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳಿ, ಬರೆದುಕೊಂಡಿದ್ದನ್ನು ಬೈಂಡ್ ಮಾಡಿ ಆತನಿಗೇ ಕಳಿಸಿದ. 1813ರಲ್ಲಿ ಲಂಡನ್ನಿನ ವಿಜ್ಞಾನ ಸಂಸ್ಥೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸಹಾಯಕನ ಕೆಲಸ ಸಿಕ್ಕಿತು.

1831ರ ಆಗಸ್ಟ್ 29ರ ಪ್ರಯೋಗ ನೋಡಿ. ಆರು ಇಂಚಿನ ಕಬ್ಬಿಣದ ಬಳೆಯ ಎರಡು ಬದಿಗೂ ಬೇರೆ ಬೇರೆ ತಾಮ್ರದ ತಂತಿ ಸುತ್ತಿದ. ಸುತ್ತುಗಳು ಒಂದಕ್ಕೊಂದು ತಾಗದಂತೆ ನಡುವೆ ಹುರಿ, ಬಟ್ಟೆ ಇಟ್ಟ. ಒಂದು ಬದಿಗೆ ಬ್ಯಾಟರಿ. ಇನ್ನೊಂದು ಬದಿಯ ತಂತಿ ಕಾಂತದ ಮುಳ್ಳಿನ ಮೇಲೆ ಹಾಯುತ್ತಿತ್ತು; ಮುಳ್ಳು ಅಲ್ಲಾಡಿದರೆ ಆ ತಂತಿಯಲ್ಲಿ ಕರೆಂಟ್ ಬಂತು ಎಂದರ್ಥ. ಬ್ಯಾಟರಿ ಜೋಡಿಸಿದ ಕೂಡಲೇ ಮುಳ್ಳು ಅಲ್ಲಾಡಿತು. ಸ್ವಲ್ಪದರಲ್ಲೇ ಮೊದಲಿನ ಜಾಗಕ್ಕೆ ಬಂದು ನಿಂತಿತು. ಬ್ಯಾಟರಿ ಕಿತ್ತಾಗ ಮತ್ತೆ ಅಲ್ಲಾಡಿತು. ನಡುವೆ ಕರೆಂಟ್ ಹರಿಯುತ್ತಿದ್ದಷ್ಟು ಹೊತ್ತೂ ಏನೂ ಇಲ್ಲ! ಕರೆಂಟ್ ಬದಲಾದರೆ ಮಾತ್ರ ಆಚೆ ಬದಿಗೆ ಸುದ್ದಿ ಮುಟ್ಟುತ್ತದೆ. ನಿಮ್ಮ ಬೀದಿಯ ಟ್ರಾನ್ಸ್‌ಫಾರ್ಮರ್ ನಡೆಯುವುದೂ ಹೀಗೆಯೇ.

ಇದಕ್ಕೆ ಆರು ವರ್ಷ ಮೊದಲು ಜಿನೀವಾದಲ್ಲಿ ಕೊಲಾಡನ್ ಎಂಬ ಭೌತವಿಜ್ಞಾನಿ ಈ ಗುಟ್ಟಿನ ಹತ್ತಿರಕ್ಕೇ ಬಂದಿದ್ದ. ಅಯಸ್ಕಾಂತದ ಸೆಳೆತ ತಾಗದಿರಲಿ ಎಂದು ಕರೆಂಟ್ ಬಂದರೆ ಮುಳ್ಳು ಅಲ್ಲಾಡಿಸಿ ತೋರಿಸುವ ಗ್ಯಾಲ್ವನೋಮೀಟರನ್ನು ಪಕ್ಕದ ಕೋಣೆಯಲ್ಲಿ ಇಟ್ಟಿದ್ದ. ಸುರುಳಿಗೆ ಅಯಸ್ಕಾಂತ ತೋರಿಸಿ, ನಡೆದುಹೋಗಿ ನೋಡುವಷ್ಟರಲ್ಲಿ ಮುಳ್ಳು ಸುಮ್ನೆ ನಿಂತಿರುತ್ತಿತ್ತು! ಪಾಪ ಅನ್ನಿಸುತ್ತದೆ, ಅಲ್ವಾ?

1857ರಲ್ಲಿ, 66ರ ಫ್ಯಾರಡೆ ತರುಣ ಮ್ಯಾಕ್ಸ್‌ವೆಲ್‌ಗೆ ಪತ್ರ ಬರೆದು, ಗಣಿತದಿಂದ ಸಿಕ್ಕ ತೀರ್ಮಾನಗಳನ್ನು ಎಲ್ಲರ ಮಾತಿನಲ್ಲೂ ಹೇಳಬಾರದೇ ಎಂದು ಕೇಳಿದ. ನಮ್ಮ ಪಠ್ಯಪುಸ್ತಕ ಬರೆಯುವವರನ್ನೂ ಇದನ್ನೇ ಕೇಳಬೇಕು.

ನಮ್ಮ ಎಷ್ಟೋ ಶಾಲೆಗಳಲ್ಲಿ ಲ್ಯಾಬಿಗೆ ಬೀಗ. ಪ್ರಾಕ್ಟಿಕಲ್ ರೆಕಾರ್ಡನ್ನು ಸೀನಿಯರ್‌ಗಳದ್ದು ನೋಡಿ ಬರೆಯುತ್ತಾರೆ. ರೀಡಿಂಗ್ ಸರಿ ಬರದಿದ್ದರೆ ಉತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ತುಂಬುತ್ತಾರೆ. ಅದಕ್ಕೆ ಪೂರ್ತಿ ಅಂಕ ಬೇರೆ! ಇದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಗಣಿತ ಕಲಿಸಲು ನಿಮ್ಮಂಥವರಿದ್ದೀರಿ, ಟ್ಯೂಷನ್ನುಗಳಿವೆ. ತಂತಿ ಸುತ್ತಲು ಮಕ್ಕಳಿಗೆ ಅರ್ಧ ಗಂಟೆ ಕೊಡುವವರು ಯಾರು? ನೀವೇ ಶುರು ಮಾಡಿ, ಮೇಷ್ಟ್ರೇ. ಒಂದು ಸುರುಳಿ, ಒಂದು ಅಯಸ್ಕಾಂತ, ಒಂದು ಮಲ್ಟಿಮೀಟರ್ ಸಾಕು. ಮಕ್ಕಳು ಏನು ಕೇಳಿದರು ಅಂತ ನನಗೆ ಬರೆಯಿರಿ, ಖಂಡಿತ ಅಚ್ಚು ಹಾಕುತ್ತೇನೆ.