ಮದುವೆಗೆ ಮುಂಚೆ ಕೊಂಡ ಮನೆ ಯಾರಿಗೆ?

ಪ್ರಶ್ನೆ: ಮದುವೆಗೆ ಮೊದಲೇ ಬೆಂಗಳೂರಿನಲ್ಲಿ ನನ್ನ ಹೆಸರಿಗೆ ಫ್ಲಾಟ್ ಕೊಂಡಿದ್ದೆ. ಆಮೇಲೆ ಸಾಲದ ಕೆಲವು ಕಂತುಗಳನ್ನು ಹೆಂಡತಿ ಕಟ್ಟಿದ್ದಾಳೆ. ನಾವು ಹಿಂದೂಗಳು. ವಿಚ್ಛೇದನವಾದರೆ ಅರ್ಧ ಪಾಲು ಕೊಡಬೇಕೇ?

ಉತ್ತರ: ಬೇಕಿಲ್ಲ. ಮದುವೆಯಾದ ಮಾತ್ರಕ್ಕೆ ಆಸ್ತಿ ಅರ್ಧರ್ಧವಾಗುವ ಕಾನೂನು ಕರ್ನಾಟಕದಲ್ಲಿಲ್ಲ. ಫ್ಲಾಟಿನ ಆಸ್ತಿ ಖಾತೆಗೆ ಆಕೆಯ ಹೆಸರು ಸೇರಿಸಿದ್ದರೂ ಅಷ್ಟರಿಂದಲೇ ಒಡೆತನ ಹೋಗದು. ನೋಂದಾಯಿತ ದಾನಪತ್ರ ಮಾಡಿಕೊಟ್ಟಿದ್ದರೆ ಮಾತು ಬೇರೆ.

ಆದರೆ ಆಕೆ ಕಟ್ಟಿದ ಕಂತನ್ನು ಕಡೆಗಣಿಸಬೇಡಿ. ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟು ಆ ಹಣವನ್ನು ಕೌಟುಂಬಿಕ ನ್ಯಾಯಾಲಯದಲ್ಲಿ ಕೇಳಬಹುದು; ನೀವೇ ಲೆಕ್ಕ ಹಾಕಿ ಹಿಂದಿರುಗಿಸುವುದು ನ್ಯಾಯ. ಹಿಂದೂ ವಿವಾಹ ಕಾಯ್ದೆಯ 25ನೇ ಕಲಂ ಪ್ರಕಾರ ಜೀವನಾಂಶ ನಿಗದಿಪಡಿಸುವಾಗ ನಿಮ್ಮ ಆಸ್ತಿಯೂ ಗಣನೆಗೆ ಬರುತ್ತದೆ. ಅಗತ್ಯವಾದರೆ ಅದಕ್ಕೆ ಈ ಫ್ಲಾಟನ್ನೇ ಭದ್ರತೆಯಾಗಿಸಬಹುದು.

ಬೀಗ ಬದಲಿಸಿ ಹೊರಗಟ್ಟುವ ತಪ್ಪಂತೂ ಬೇಡವೇ ಬೇಡ. ಇಬ್ಬರೂ ಬಾಳಿದ ಮನೆಯಲ್ಲಿ ಹೆಂಡತಿಗೆ ವಾಸದ ಹಕ್ಕನ್ನು 2005ರ ಕೌಟುಂಬಿಕ ಹಿಂಸಾಚಾರ ತಡೆ ಕಾಯ್ದೆ ಕೊಟ್ಟಿದೆ.