ಮೈದಾನದ ಅಂಚಿನಿಂದ ಕೂಗಿದ ಮಾತು

ಪ್ರಶ್ನೆ: ನಾನು ಸದಾಶಿವಗಡದವನು, ವಯಸ್ಸು ನಲವತ್ತೆರಡು. ಭಾನುವಾರ ಕಾಳಿ ಸೇತುವೆ ದಾಟಿ ಕಾರವಾರಕ್ಕೆ ಫುಟ್ಬಾಲ್ ನೋಡಲು ಹೋಗುವುದು ನನ್ನ ಹಳೆಯ ರೂಢಿ. ನಮ್ಮ ತಂಡದ ಇಪ್ಪತ್ತಮೂರು ವರ್ಷದ ಫಾರ್ವರ್ಡ್ ಆಟಗಾರ ಕಳೆದ ತಿಂಗಳು ಕಡಲತೀರದಲ್ಲಿ ಓಡುತ್ತಿದ್ದಾಗ ಕುಸಿದುಬಿದ್ದು ತೀರಿಕೊಂಡ. ಹೃದಯದ ತೊಂದರೆ ಎಂದರು. ಅದಕ್ಕೆ ಎರಡು ವಾರ ಮೊದಲು ಪಂದ್ಯದ ನಡುವೆ ಅವನು ಎದೆ ಹಿಡಿದು ಕುಳಿತಾಗ ನಾನು ‘ನಾಟಕ ಸಾಕು, ಏಳು’ ಎಂದು ಕೂಗಿದ್ದೆ. ಅವನು ನನ್ನತ್ತ ನೋಡಿ ನಕ್ಕು, ಕೈಯೆತ್ತಿ, ಮತ್ತೆ ಓಡಿದ. ಈಗ ನನಗೆ ನಿದ್ದೆಯಿಲ್ಲ. ‘ಅವನೇನು ನಿಮ್ಮ ಸಂಬಂಧಿಯೇ?’ ಎಂದು ಹೆಂಡತಿ ಕೇಳುತ್ತಾಳೆ. ಮುಂದಿನ ತಿಂಗಳ ಸ್ಮರಣಾರ್ಥ ಪಂದ್ಯದಲ್ಲಿ ಅವನ ಹದಿನೇಳು ವರ್ಷದ ತಮ್ಮನಿಗೆ ಅದೇ ಹತ್ತನೆಯ ನಂಬರಿನ ಜರ್ಸಿ ತೊಡಿಸಿ ಆಡಿಸುತ್ತಾರಂತೆ. ತಾಯಿಯ ಬಳಿ ಹೋಗಿ ನನ್ನ ತಪ್ಪನ್ನು ಒಪ್ಪಿಕೊಳ್ಳಲೇ, ಸುಮ್ಮನಿರಲೇ?

ಉತ್ತರ: ಆತ್ಮೀಯರೇ, ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ನಿಮ್ಮ ಕೂಗಲ್ಲ, ಎದೆ ಹಿಡಿದು ಕುಳಿತ ಅಣ್ಣ ಮತ್ತು ಮುಂದಿನ ತಿಂಗಳು ಆಡಲಿರುವ ತಮ್ಮ. ಆದ್ದರಿಂದ ಮೊದಲು ಆ ವಿಚಾರ.

ಎಳೆಯ ಆಟಗಾರರು ಹೀಗೆ ಹಠಾತ್ತನೆ ಸಾಯುವುದಕ್ಕಿರುವ ಮುಖ್ಯ ಕಾರಣಗಳಲ್ಲಿ ಹೃದಯದ ಸ್ನಾಯು ಅಸಹಜವಾಗಿ ದಪ್ಪವಾಗುವ ಕಾಯಿಲೆಯೂ ಒಂದು. ಅದು ಬಹುಪಾಲು ವಂಶದಲ್ಲಿ ಹರಿದುಬರುತ್ತದೆ; ತಂದೆ ಅಥವಾ ತಾಯಿಯಲ್ಲಿ ಅದರ ದೋಷವಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಾಧ್ಯತೆ ಶೇ. 50ರಷ್ಟು. ನಿಮ್ಮ ಹುಡುಗನಿಗೆ ಇದೇ ಇತ್ತೆಂದು ದೂರದಲ್ಲಿ ಕುಳಿತ ನಾನು ಹೇಳಲಾರೆ. ಆದರೆ ಓಡುವಾಗ ಎದೆನೋವು ಬರುವುದು, ತಲೆ ಸುತ್ತಿ ಬೀಳುವುದು ವೈದ್ಯರು ಎಂದೂ ಕಡೆಗಣಿಸದ ಲಕ್ಷಣಗಳಾಗಿರುವುದರಿಂದ, ನೀವು ಕಣ್ಣಾರೆ ಕಂಡದ್ದು ಆ ಮನೆಯವರಿಗೆ ತಿಳಿಯಲೇಬೇಕು. ಹೃದ್ರೋಗ ತಜ್ಞರು ಇಸಿಜಿ ಮತ್ತು ಎಕೋ ಪರೀಕ್ಷೆ ಮಾಡಿ ಆಡಬಹುದೆಂದು ಹೇಳುವವರೆಗೆ ಆ ಹುಡುಗನ ತಮ್ಮನು ಮೈದಾನಕ್ಕೆ ಇಳಿಯಬಾರದು. ಪಂದ್ಯದ ದಿನಾಂಕ ಮುಂದೆ ಹೋದರೆ ಹೋಗಲಿ.

ಹಾಗಾಗಿ ತಾಯಿಯ ಬಳಿ ಹೋಗಿ. ಆದರೆ ತಪ್ಪೊಪ್ಪಿಗೆಯ ಗಂಟನ್ನು ಹೊತ್ತುಕೊಂಡು ಹೋಗಬೇಡಿ. ಮಗನನ್ನು ಕಳೆದುಕೊಂಡವರ ಮುಂದೆ ನೀವು ಅತ್ತು ಕ್ಷಮೆ ಕೇಳಿದರೆ, ನಿಮ್ಮನ್ನು ಸಮಾಧಾನಪಡಿಸುವ ಕೆಲಸವೂ ಆ ತಾಯಿಯ ಪಾಲಿಗೆ ಬರುತ್ತದೆ. ಅಂದು ಅವನು ಎದೆ ಹಿಡಿದು ಕುಳಿತದ್ದನ್ನು, ಚಿಕ್ಕವನನ್ನು ತೋರಿಸಲೇಬೇಕಾದ ಕಾರಣವನ್ನು ತಿಳಿಸಿ, ಆಸ್ಪತ್ರೆಗೆ ಜೊತೆಯಲ್ಲಿ ಬರುವುದಾಗಿ ಹೇಳಿ. ‘ಆಗ ನೀವೇನು ಮಾಡಿದಿರಿ?’ ಎಂದು ಅವರೇ ಕೇಳಿದರೆ ಮಾತ್ರ ಮುಚ್ಚಿಡಬೇಡಿ.

ನಿಮ್ಮ ಕೂಗು ಅವನನ್ನು ಕೊಲ್ಲಲಿಲ್ಲ. ಆಟಗಾರ ಕುಳಿತಾಗಲೆಲ್ಲ ಮೈದಾನದ ಅಂಚಿನಲ್ಲಿರುವವರು ಏಳು, ಓಡು ಎಂದೇ ಕೂಗುತ್ತಾರೆ; ನೀವೂ ಅದೇ ಅಭಿಮಾನದಿಂದ ಕೂಗಿದಿರಿ, ಅವನಿಗೂ ಅದು ಅರ್ಥವಾಗಿದ್ದರಿಂದಲೇ ನಕ್ಕನೆಂದು ನಾನು ನಂಬುತ್ತೇನೆ. ನಿಮ್ಮ ಪತ್ನಿಯವರಿಗೆ ಈ ಕೂಗಿನ ಸಂಗತಿ ಗೊತ್ತಿರಲಾರದು, ಹೇಳಿ. ಭಾನುವಾರದಿಂದ ಭಾನುವಾರಕ್ಕೆ ಕಣ್ಣೆದುರೇ ಬೆಳೆದವನಿಗಾಗಿ ಅಳಲು ರಕ್ತಸಂಬಂಧವೇ ಇರಬೇಕೆಂದು ಯಾರು ಹೇಳಿದರು?

ಜರ್ಸಿಯ ಬಗ್ಗೆಯೂ ಒಂದು ಮಾತು. ಗೋವಾದ ಆಟವನ್ನು ನೋಡಿಯೇ ಬೆಳೆದ ಕಾರವಾರದವರಿಗೆ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ನೆನಪಿರಬೇಕು. 2004ರ ಡಿಸೆಂಬರ್ 5ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ, ಮೋಹನ್ ಬಾಗಾನ್ ವಿರುದ್ಧದ ಫೆಡರೇಷನ್ ಕಪ್ ಫೈನಲ್‌ನಲ್ಲಿ ಎರಡೂ ಗೋಲು ಹೊಡೆದು, ಎರಡನೆಯ ಗೋಲಿನ ಹೊತ್ತಿಗೇ ಕುಸಿದುಬಿದ್ದು ಪ್ರಾಣಬಿಟ್ಟಾಗ ಆತನ ವಯಸ್ಸು 25. ಡೆಂಪೊ ತಂಡ ಆತನ ಹತ್ತನೆಯ ನಂಬರನ್ನು ಬೇರೆಯವರಿಗೆ ಕೊಡದೆ ತೆಗೆದಿರಿಸಿತು. ನಿಮ್ಮ ತಂಡವೂ ಹಾಗೆ ಮಾಡುವುದೇ ಸರಿಯೆಂದು ನನಗನಿಸುತ್ತದೆ. ಹದಿನೇಳರ ಹುಡುಗನ ಬೆನ್ನಿಗೆ ಅಣ್ಣನ ನಂಬರನ್ನು ಅಂಟಿಸಿ ಊರೆಲ್ಲ ಅವನಲ್ಲಿ ಅಣ್ಣನನ್ನೇ ಹುಡುಕುವುದು ಬೇಡ. ಆ ಪಂದ್ಯಕ್ಕೆ ಸೇರುವ ಹಣದಲ್ಲಿ ತಂಡದ ಎಲ್ಲ ಹುಡುಗರ ಹೃದಯ ತಪಾಸಣೆ ಆಗಲಿ. ಕುಸಿದವರ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಬಲವಾಗಿ ಒತ್ತುವ ಪ್ರಥಮ ಚಿಕಿತ್ಸೆಯನ್ನು ಬಲ್ಲವರಿಂದ ಕಲಿಯುವವರಲ್ಲಿ ನೀವೇ ಮೊದಲಿಗರಾಗಿ.

ಆ ಮನೆಗೆ ಹೋಗುವುದನ್ನು ಮಾತ್ರ ಪಂದ್ಯದವರೆಗೆ ತಳ್ಳದೆ ಈ ವಾರವೇ ಹೋಗಿ. ಆಸ್ಪತ್ರೆಯ ಮಾತು ಮುಗಿದ ಮೇಲೆ ಸ್ವಲ್ಪ ಹೊತ್ತು ಕುಳಿತು, ಅವನು ಹೊಡೆದ ಗೋಲುಗಳಲ್ಲಿ ನಿಮಗೆ ಚೆನ್ನಾಗಿ ನೆನಪಿರುವ ಒಂದನ್ನು, ಚೆಂಡು ಯಾವ ಕಡೆಯಿಂದ ಬಂತು, ಅವನು ಯಾವ ಕಾಲಲ್ಲಿ ಹೊಡೆದ ಎಂಬುದರ ಸಮೇತ, ಆ ತಾಯಿಗೆ ಹೇಳಿ.